ಒಂಬತ್ತರಲ್ಲಿ ಐದು

ಮಂಜಮ್ಮನ ಕೈಗೆ ಕಾಯಿ ಕೊಟ್ಟರೆ ಅದು ಮೊದಲು ಹೋಗುವುದು ಅವಳ ಕಿವಿಯ ಹತ್ತಿರಕ್ಕೆ. ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯನ್ನು ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಉಂಡೆ ಚಿಪ್ಪು ಬಿಟ್ಟು ಲಟಲಟ ಎನ್ನಬೇಕು. ಎನ್ನದಿದ್ದರೆ ಕೊಳೆತಿದೆ, ಇಲ್ಲವೇ ಇನ್ನೂ ಹಸಿ. ಮದುವೆಯಾಗಿ ಕಂದಿಕೆರೆ ಪಕ್ಕದ ಈ ಊರಿಗೆ ಬಂದ ಮೂವತ್ತೊಂದು ವರ್ಷದಲ್ಲಿ ಎಷ್ಟು ಸಾವಿರ ಕಾಯನ್ನು ಹೀಗೆ ಅನುಮಾನಿಸಿದ್ದಾಳೋ. ಅಭ್ಯಾಸ ಕಾಯಿಗೇ ನಿಲ್ಲಲಿಲ್ಲ. ಅಂಗಡಿಯ ಬೇಳೆಯನ್ನು ಮೂಸುತ್ತಾಳೆ, ತೊಳೆದಿಟ್ಟ ಲೋಟದೊಳಗೆ ಬೆರಳಾಡಿಸುತ್ತಾಳೆ, ಯಾರಾದರೂ ಸುಮ್ಮಸುಮ್ಮನೆ ಒಳ್ಳೆಯ ಮಾತಾಡಿದರೆ ಸೆರಗು ಬಿಗಿ ಮಾಡಿಕೊಳ್ಳುತ್ತಾಳೆ.

ಊರಿನ ಹೆಂಗಸರ ಡೈರಿಯ ಕಾರ್ಯದರ್ಶಿ ಮಂಗಳಾ ಅವಳನ್ನು ಹುಡುಕಿಕೊಂಡು ಬಂದದ್ದೂ ಇದಕ್ಕೇ.

“ಅಕ್ಕ, ಹಾಲು ಪರೀಕ್ಷೆಗೆ ನಿನ್ನಂಥೋಳೇ ಬೇಕು. ಮೆಷಿನ್ನು ತೋರಿಸೋಕೆ ಮುಂಚೆ ನಿನ್ ಮೂಗೇ ಹೇಳ್ಬುಡ್ತದೆ. ತೊಂಬತ್ತು ದಿನ ನೋಡಾನ. ಬೆಳಗಿನ ಸರದಿಗೆ ಅರ್ಧದಷ್ಟು, ನಲವತ್ತೈದು ದಿನ ಬಂದ್ರೂ ಸಾಕು, ಕೆಲಸ ನಿಂದೇ. ಕಮ್ಮಿ ಆದ್ರೆ ಮಾತ್ರ ಕಮಿಟಿಯೋರು ಬೇರೆಯೋರ್ನ ನೋಡ್ತಾರೆ.”

ಐವತ್ತೆರಡು ವರ್ಷದ ಮಂಜಮ್ಮ ಮನೆಯ ಹೊರಗೆ ತನ್ನದೆನ್ನುವ ಒಂದು ಕುರ್ಚಿ ಕಂಡವಳಲ್ಲ. ಬೇಕು ಅನ್ನಿಸಿತು. ತೊಡಕೆಂದರೆ ಡೈರಿ ಬಾಗಿಲು ತೆಗೆಯುವುದೂ ನಲ್ಲಿಯಲ್ಲಿ ನೀರು ಬರುವುದೂ ಬೆಳಿಗ್ಗೆ ಆರಕ್ಕೇ. ನೀರು ತುಂಬಬೇಕು, ಸಗಣಿ ಬಾಚಬೇಕು, ತಿಂಡಿ ಆಗಬೇಕು, ಪಾತ್ರೆ ತಿಕ್ಕಬೇಕು. ಅವಳ ಗಂಡ ಹುಚ್ಚರಂಗಯ್ಯ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿ ನಿವೃತ್ತರಾದ ಮೇಷ್ಟ್ರು. ಅವರು ಬಸ್ಸು ನಿಲ್ಲುವ ಗೇಟಿನ ಟೀ ಅಂಗಡಿಗೆ ಪೇಪರ್ ಓದಲು ಹೊರಡುವುದೂ ಆರಕ್ಕೇ.

ವಿಷಯ ಕೇಳಿ ಮೇಷ್ಟ್ರು ಕೂಗಾಡಲಿಲ್ಲ. ಅವಳಿಗೆ ಮೊದಲು ಅನುಮಾನ ಬಂದದ್ದೇ ಆಗ. ಎರಡು ದಿನ ಜಗುಲಿಯ ಮೇಲೆ ಕೂತು ಬೇವಿನ ತುಂಡು ಕೆತ್ತಿ ಮೂರು ದಾಳ ಮಾಡಿ ತಂದು ಅವಳ ಮುಂದಿಟ್ಟರು.

“ನ್ಯಾಯ ಅಂದ್ರೆ ನ್ಯಾಯ ಕಣೇ. ನೀನೊಂದು ಎತ್ಕೊ, ನಾನೊಂದು ಎತ್ಕೋತೀನಿ. ದಿನಾ ಬೆಳಿಗ್ಗೆ ಒಂದೇ ಸಲ ಹಾಕೋದು. ದೊಡ್ಡ ಅಂಕಿ ಬಿದ್ದೋರು ಹೊರಗೆ, ಸೋತೋರು ಮನೆಗೆಲಸಕ್ಕೆ. ಹೆಂಗಸರಿಗೆ ಮರ್ಯಾದೆ ಕೊಡ್ಬೇಕು, ಆರಿಸ್ಕೊಳ್ಳೋದು ಯಾವಾಗ್ಲೂ ನೀನೇ ಮೊದಲು.”

ಅವಳು ಒಂದೊಂದನ್ನೇ ತಿರುಗಿಸಿ ನೋಡಿದಳು. ಮಾಮೂಲಿ ದಾಳಗಳಲ್ಲ. ಒಂದರ ಮೇಲೆ ಎರಡು, ನಾಲ್ಕು, ಒಂಬತ್ತು. ಇನ್ನೊಂದರ ಮೇಲೆ ಒಂದು, ಆರು, ಎಂಟು. ಮತ್ತೊಂದರ ಮೇಲೆ ಮೂರು, ಐದು, ಏಳು. ಪ್ರತಿ ಅಂಕಿಯೂ ಎರಡೆರಡು ಮುಖದ ಮೇಲೆ. ಯಾವುದರ ಮೂರು ಅಂಕಿ ಕೂಡಿದರೂ ಹದಿನೈದೇ ಬರುತ್ತಿತ್ತು.

ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೇನೂ ಸದ್ದಿಲ್ಲ. ಮೇಷ್ಟ್ರು ಗೇಟಿಗೆ ಹೋದಾಗ ಚೊಂಬಿನ ನೀರಿಗೆ ಬಿಟ್ಟಳು. ಮೂರೂ ತೇಲಿದವು, ಎಷ್ಟು ಸಲ ತಿರುವಿ ಬಿಟ್ಟರೂ ಒಂದೇ ಮಗ್ಗುಲಿಗೆ ವಾಲಲಿಲ್ಲ.

ದಿನಗಳು ನಡೆದವು. ಮೇಷ್ಟ್ರು ಸೋಲಲಿಲ್ಲವೆಂದಲ್ಲ. ಸೋತ ದಿನ ಪಂಚೆ ಎತ್ತಿ ಕಟ್ಟಿ, ಬೀದಿಗೆ ಕಾಣುವಂತೆ ಬಾಗಿಲಿನ ಕಲ್ಲಿನ ಮೇಲೇ ಪಾತ್ರೆ ತಿಕ್ಕಿದರು.

“ಎಂಥಾ ಗಂಡನ್ನ ಪಡ್ಕಂಡಿದ್ದೀಯ ಕಣೇ ಮಂಜಿ!” ಪಕ್ಕದ ಮನೆಯ ರಂಗಕ್ಕ ಗಲ್ಲಕ್ಕೆ ಕೈ ಹಚ್ಚಿದಳು. “ಮೇಷ್ಟ್ರು ಪಾತ್ರೆ ತಿಕ್ಕಿದ್ರು ಅಂತ ಊರೆಲ್ಲಾ ಅದೇ ಮಾತು.”

“ನಾನು ಮೂವತ್ತೊಂದು ವರ್ಷ ತಿಕ್ಕಿದ್ದು ಯಾರ ಕಿವಿಗೂ ಬೀಳಲಿಲ್ವಲ್ಲಕ್ಕ.”

ಗೋಡೆಯ ಕ್ಯಾಲೆಂಡರಿನಲ್ಲಿ ಅವಳು ಗುರುತು ಹಾಕುತ್ತಿದ್ದಳು. ನಲವತ್ತೈದನೆಯ ದಿನ ಎಣಿಸಿದಳು. ಡೈರಿಗೆ ಹೋದದ್ದು ಇಪ್ಪತ್ತು ದಿನ, ಮನೆಯಲ್ಲಿ ಉಳಿದದ್ದು ಇಪ್ಪತ್ತೈದು.

“ಹಿಂಗೇ ಆದ್ರೆ ಕಷ್ಟ ಕಣಕ್ಕ,” ಎಂದಳು ಮಂಗಳಾ. “ಉಳಿದಿದ್ರಲ್ಲಿ ಇಪ್ಪತ್ತೈದು ದಿನ ನೀನು ಬರ್ಲೇಬೇಕು.”

ಇಬ್ಬರ ನಡುವಿನ ಅಂತರ ಐದೇ ದಿನ. ಜಗಳ ತೆಗೆಯಲು ಸಾಲದಷ್ಟು ಸಣ್ಣದು. ಮನೆಯ ಕೆಲಸ ಬೆಳೆಯುವುದೂ ಹೀಗೇ ಅಲ್ಲವೇ. ಇವತ್ತೊಂದು ಲೋಟ ಹೆಚ್ಚು, ನಾಳೆ ಒಂದು ಸಲ ಕಸ ಹೆಚ್ಚು. ಬಾಯಿಬಿಟ್ಟರೆ ಇಷ್ಟಕ್ಕೆಲ್ಲಾ ಏನು ಅನ್ನುತ್ತಾರೆ.

ನಿನ್ನೆ ತನ್ನನ್ನು ಸೋಲಿಸಿದ ದಾಳವನ್ನೇ ಇವತ್ತು ಎತ್ತಿಕೊಳ್ಳುವುದು ಅವಳ ಉಪಾಯವಾಗಿತ್ತು. ಅದೂ ಫಲಿಸಿರಲಿಲ್ಲ. ಈಗ ಅವಳು ಇನ್ನೊಂದು ಗುರುತು ಸೇರಿಸಿದಳು: ತಾನು ಯಾವುದು ಎತ್ತಿಕೊಂಡೆ, ಅವರು ಯಾವುದು. ಆರೇ ದಿನಕ್ಕೆ ಗುಟ್ಟು ಕಣ್ಣಿಗೆ ಬಿತ್ತು. ತಾನು ಒಂಬತ್ತಿರುವುದನ್ನು ಎತ್ತಿಕೊಂಡರೆ ಅವರು ಏಳಿರುವುದನ್ನು. ತಾನು ಏಳಿರುವುದನ್ನು ಎತ್ತಿಕೊಂಡರೆ ಅವರು ಎಂಟಿರುವುದನ್ನು. ಎಂಟಿರುವುದಕ್ಕೆ ಒಂಬತ್ತಿರುವುದು. ಒಂದು ದಿನವೂ ತಪ್ಪಿಲ್ಲ. ಅಂದಿನ ತನಕ ಆರರಲ್ಲಿ ಮೂರು ದಿನ ಗೆದ್ದಿದ್ದರೂ ಅವಳಿಗೆ ಸಮಾಧಾನವಾಗಲಿಲ್ಲ.

ಮಧ್ಯಾಹ್ನ ಕೊಬ್ಬರಿ ಚಿಪ್ಪಿನ ಚೂರುಗಳ ಮೇಲೆ ಮಸಿಯಲ್ಲಿ ಅಂಕಿ ಬರೆದು ಅಂಗಳದಲ್ಲಿ ಹರಡಿದಳು. ಈ ಕಡೆ ಮೂರು, ಐದು, ಏಳು. ಆ ಕಡೆ ಎರಡು, ನಾಲ್ಕು, ಒಂಬತ್ತು. ಒಂದೊಂದನ್ನೂ ಒಂದೊಂದರ ಎದುರಿಗಿಟ್ಟಳು. ಒಟ್ಟು ಒಂಬತ್ತು ಜೋಡಿ. ಮೂರು ಗೆದ್ದದ್ದು ಎರಡರ ಮೇಲೆ. ಐದು ಗೆದ್ದದ್ದು ಎರಡು, ನಾಲ್ಕರ ಮೇಲೆ. ಏಳೂ ಅವೆರಡರ ಮೇಲೆ. ಒಟ್ಟು ಐದು ಗೆಲುವು, ನಾಲ್ಕು ಸೋಲು. ಇನ್ನೆರಡು ಜೊತೆಗಳನ್ನೂ ಇಟ್ಟು ನೋಡಿದಳು. ಅಲ್ಲೂ ಐದು, ನಾಲ್ಕು. ಮೇಷ್ಟ್ರು ಎತ್ತಿಕೊಳ್ಳುತ್ತಿದ್ದದ್ದು ಪ್ರತಿ ಸಲವೂ ಐದರ ಕಡೆಯದನ್ನು.

ಅವಳು ಚಿಪ್ಪಿನ ನಡುವೆ ಕೂತೇಬಿಟ್ಟಳು. ಕಾಯನ್ನು ಅಲ್ಲಾಡಿಸಿದಂತೆ ಒಂದೊಂದೇ ದಾಳವನ್ನು ಅಲ್ಲಾಡಿಸಿ ಹುಳುಕು ಹುಡುಕಿದ್ದಳಲ್ಲ! ದಾಳ ಮೂರೂ ಸಾಚಾ. ಹುಳುಕು ಇದ್ದದ್ದು ‘ನೀನೇ ಮೊದಲು’ ಅನ್ನುವ ಮರ್ಯಾದೆಯಲ್ಲಿ.

ಮರುದಿನ ಬೆಳಿಗ್ಗೆ ದಾಳಗಳನ್ನು ಮೇಷ್ಟ್ರ ಕಡೆಗೆ ತಳ್ಳಿದಳು.

“ಇವತ್ತಿಂದ ನೀವು ಮೊದಲು ಆರಿಸ್ಕಳಿ.”

“ಯಾಕೇ? ಹೆಂಗಸರಿಗೆ...”

“ಮೂವತ್ತೊಂದು ವರ್ಷ ಊಟಕ್ಕೆ ನೀವೇ ಮೊದಲು ಕೂತ್ರಿ. ಬಿಸಿನೀರು ನಿಮಗೇ ಮೊದಲು. ಇದೊಂದಕ್ಕೆ ಯಾಕ್ರೀ ಹಿಂದೆ ಉಳೀತೀರಾ?”

ಮೇಷ್ಟ್ರು ಆಗಲ್ಲ ಅನ್ನುವಂತಿರಲಿಲ್ಲ. ಮೊದಲ ಆಯ್ಕೆಯೇ ದೊಡ್ಡ ಮರ್ಯಾದೆ ಅಂತ ಗೇಟಿನವರಿಗೆಲ್ಲ ಹೇಳಿಕೊಂಡು ಬಂದವರು ಅವರೇ. ಕೈ ಒಂದು ದಾಳದಿಂದ ಇನ್ನೊಂದಕ್ಕೆ ಹೋಯಿತು, ಮತ್ತೆ ಬಂತು. ಯಾವುದನ್ನು ಎತ್ತಿಕೊಂಡರೂ ಅದನ್ನು ಮೀರಿಸುವ ಇನ್ನೊಂದು ಕೆಳಗೆ ಉಳಿಯುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಕೊನೆಗೆ ಒಂಬತ್ತಿರುವುದನ್ನು ಎತ್ತಿಕೊಂಡರು. ಮಂಜಮ್ಮ ತಡಮಾಡದೆ ಏಳಿರುವುದನ್ನು ಎತ್ತಿಕೊಂಡಳು.

ಅವರದ್ದು ಒಂಬತ್ತು ಬಿತ್ತು. ಅವಳದ್ದು ಐದು.

“ನೋಡ್ದಾ!” ಮೇಷ್ಟ್ರ ಮುಖ ಅರಳಿತು.

ಮಂಜಮ್ಮ ಪೊರಕೆ ಎತ್ತಿಕೊಂಡಳು. “ಒಂಬತ್ತರಲ್ಲಿ ನಾಲ್ಕು ನಿಮ್ದೇ ಅಲ್ವಾ. ಇವತ್ತಿಂದು ಅದರಲ್ಲೊಂದು. ನಾಳೇನೂ ನೀವೇ ಮೊದಲು.”

ಅರಳಿದ ಮುಖ ಹಾಗೇ ನಿಂತಿತು. “ಯಾರೇ ಹೇಳ್ಕೊಟ್ಟಿದ್ದು ನಿಂಗೆ?”

“ಚಿಪ್ಪು.”

“ಲೆಕ್ಕದಲ್ಲಿ ಮೋಸ ಇಲ್ಲ ಕಣೇ.”

“ಲೆಕ್ಕದಲ್ಲಿ ಇಲ್ಲ ಬುಡಿ.”

ಆಮೇಲೆ ದಿನವೂ ಮೇಷ್ಟ್ರು ಮೊದಲು, ಅವಳು ಆಮೇಲೆ. ಎಳೆದಾಟದಲ್ಲೇ ತಿಂಗಳು ಕಳೆಯಿತು. ತೊಂಬತ್ತನೆಯ ಬೆಳಿಗ್ಗೆ ಕ್ಯಾಲೆಂಡರಿನಲ್ಲಿ ಅವಳ ದಿನಗಳು ನಲವತ್ತನಾಲ್ಕು. ಮೇಷ್ಟ್ರು ಬಹಳ ಹೊತ್ತು ಯೋಚಿಸಿ ಎಂಟಿರುವುದನ್ನು ಎತ್ತಿಕೊಂಡರು. ಅವಳು ಒಂಬತ್ತಿರುವುದನ್ನು.

ಅವಳದ್ದು ಉರುಳಿ ಎರಡು ಬಿತ್ತು. ಮೇಷ್ಟ್ರ ದಾಳ ಹೊಸ್ತಿಲಿಗೆ ತಾಗಿ, ಹೊರಳಿ, ಒಂದು ಬಿತ್ತು.

ಡೈರಿಯ ಪುಸ್ತಕದಲ್ಲಿ ನಲವತ್ತೈದನೆಯ ಸಲ ಹೆಸರು ಬರೆದು, ಮಂಗಳಾ ಕೊಟ್ಟ ಟೀ ಕುಡಿದು, ಎಂಟೂವರೆಗೆ ಅವಳು ಮನೆಗೆ ಬಂದಳು. ತೊಳೆದ ಪಾತ್ರೆಗಳು ಸಾಲಾಗಿ ಬೋರಲು ಬಿದ್ದಿದ್ದವು. ಮೇಷ್ಟ್ರು ಕಂಬಕ್ಕೊರಗಿ ನೋಡುತ್ತಿದ್ದರು. ಅವಳು ಒಂದು ಪಾತ್ರೆ ಎತ್ತಿ ಒಳಗೆ ಬೆರಳಾಡಿಸಿದಳು. ಜಿಡ್ಡಿರಲಿಲ್ಲ.

ಇನ್ನೊಂದನ್ನು ಎತ್ತಿಕೊಂಡಳು.