ಚಿಟಿಕೆ ಉಪ್ಪಿನ ಬೆಳ್ಳಿನೀರು

ಅವರ ಉಗುರುಗಳು ಬೂದಿ ಬಣ್ಣಕ್ಕೆ ತಿರುಗಿದ್ದವು, ಬುಡದಲ್ಲಿ ಮಾತ್ರ ತುಸು ನೀಲಿ. ವರ್ಷಗಟ್ಟಲೆ ಬೆಳ್ಳಿನೀರು ಕುಡಿದುದರ ಫಲ. "ಸೊಳ್ಳೆ ಸಹ ಕಚ್ಚುವುದಿಲ್ಲ ನನ್ನನ್ನು" ಎಂದು ಆ ಕೈಗಳನ್ನೇ ಹೆಮ್ಮೆಯಿಂದ ಚಾಚುತ್ತಿದ್ದರು.

ಮುಂಬಯಿಯ ಮುಲುಂಡಿನ ನಮ್ಮ ಬಿಲ್ಡಿಂಗಿನಲ್ಲಿ ಅವರು ಎದುರು ಫ್ಲ್ಯಾಟಿನ ಅಂಕಲ್. ಉಡುಪಿ ಕಡೆಯವರು, ಚೆಂಬೂರಿನ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿದ್ದು ನಿವೃತ್ತರಾದವರು. ಮಾತು ಕೇಳಿದರೆ ಲ್ಯಾಬನ್ನೇ ನಡೆಸಿದವರಂತೆ. ಬೆಳಿಗ್ಗೆ ಗಾಜಿನ ಲೋಟದ ಡಿಸ್ಟಿಲ್ಡ್ ವಾಟರಿಗೆ ಎರಡು ಬೆಳ್ಳಿ ತಂತಿ ಇಳಿಬಿಟ್ಟು ಬ್ಯಾಟರಿ ಜೋಡಿಸುವುದು, ಮಧ್ಯಾಹ್ನದೊಳಗೆ ಬಾಟಲಿ ತುಂಬಿ ಹಂಚುವುದು. ಎಷ್ಟು ಬೆಳ್ಳಿ ಇಳಿಯಿತೆಂದು ನೋಡಲು ಅವರಲ್ಲಿದ್ದದ್ದು ವಾಟರ್ ಫಿಲ್ಟರ್ ರಿಪೇರಿಯವರು ಇಟ್ಟುಕೊಳ್ಳುವ, ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಾಗಿ ಅಳೆಯುವ ಅಗ್ಗದ ಟಿಡಿಎಸ್ ಮೀಟರ್. ಅದ್ದುವ ಮೊದಲು ಅದನ್ನು ಥರ್ಮಾಮೀಟರಿನಂತೆ ಕೊಡವುತ್ತಿದ್ದರು.

ನನ್ನ ಅತ್ತೆಗೆ ಸಕ್ಕರೆ ಕಾಯಿಲೆ. ಹೊಸ ಚಪ್ಪಲಿ ಕಚ್ಚಿ ಕಾಲ್ಬೆರಳು ಹುಣ್ಣಾಗಿತ್ತು. ಅಂಕಲ್ ಬಾಟಲಿ ತಂದರು.

"ನೋಡಿ ಅಕ್ಕ, ಮೀಟರಿನಲ್ಲಿ ನಾನೂರ ಎಂಬತ್ತು ಉಂಟು! ಏಕ್‌ದಮ್ ಸ್ಟ್ರಾಂಗ್. ಆ ಡಾಕ್ಟರನ ಗುಳಿಗೆ ಎಂತಕ್ಕೆ? ಬಿಟ್ಟುಬಿಡಿ."

ಅತ್ತೆ ಬಿಟ್ಟೇಬಿಟ್ಟರು. ನಾನೆಷ್ಟು ಹೇಳಿದರೂ "ಎದುರುಮನೆ ಅಣ್ಣನಿಗಿಂತ ನಿನಗೆ ಹೆಚ್ಚು ಗೊತ್ತುಂಟಾ?" ಎಂಬ ಒಂದೇ ಮಾತು.

ಮರುದಿನ ಅಂಕಲ್ ಅಡುಗೆಮನೆಯಲ್ಲಿ ನಿಂತು ನೋಡಿದೆ. ತಂತಿ ಇಳಿಬಿಡುವ ಮೊದಲು ಲೋಟಕ್ಕೆ ಚಿಟಿಕೆ ಉಪ್ಪು ಬಿತ್ತು. "ಉಪ್ಪಿಲ್ಲದಿದ್ದರೆ ಸಂಜೆವರೆಗೂ ಕಾಯಬೇಕು ಮಾರಾಯ್ತಿ." ನಾನು ಇನ್ನೊಂದು ಲೋಟದಲ್ಲಿ ಅದೇ ಡಿಸ್ಟಿಲ್ಡ್ ವಾಟರ್ ತೆಗೆದುಕೊಂಡು, ಅಷ್ಟೇ ಉಪ್ಪು ಚಮಚದಲ್ಲಿ ಕದಡಿ, ಮೀಟರ್ ಅದ್ದಿದೆ. ತಂತಿಯ ಸೋಂಕಿಲ್ಲದ ನೀರು. ನಾನೂರ ಐವತ್ತು.

"ಅಂಕಲ್, ಇದರಲ್ಲಿ ಬೆಳ್ಳಿ ಎಲ್ಲಿಂದ ಬಂತು? ಮೀಟರ್ ತೋರಿಸುವುದು ಉಪ್ಪನ್ನಲ್ಲವೇ?"

ಕ್ಷಣ ಹೊತ್ತು ಲೋಟವನ್ನೇ ನೋಡಿದರು. ಆಮೇಲೆ ನಕ್ಕರು. "ನಿನ್ನ ಚಮಚದಲ್ಲಿ ಬೆಳ್ಳಿ ಇರಬೇಕು. ನಿನ್ನ ಕಾನ್ವೆಂಟಿನ ಸಿಸ್ಟರುಗಳು ಕೆಮಿಸ್ಟ್ರಿಯೂ ಕಲಿಸಿದ್ದಾರಾ, ಬರೀ ಥ್ಯಾಂಕ್ಯೂ-ಸಾರಿಯಾ?"

ಚಮಚ ಸ್ಟೀಲಿನದು. ಅವರಿಗೆ ಅರ್ಥವಾಗಿತ್ತು, ಆ ಒಂದು ಕ್ಷಣದ ನೋಟದಲ್ಲೇ ಕಂಡಿದ್ದೆ. ಆದರೂ ಸಂಜೆ ಹೊಸ ಬಾಟಲಿ ಬಂತು. ಹಿರಿಯರೆದುರು ದನಿ ಏರಿಸಬಾರದೆಂದು ಕಲಿತಿದ್ದ ನಾನು ಅದನ್ನು ಟೇಬಲ್ಲಿನ ಮೇಲಿಡಲು ಜಾಗ ಮಾಡಿಕೊಟ್ಟೆ.

ತಿಂಗಳೊಳಗೆ ಅತ್ತೆಯ ಬೆರಳು ಕತ್ತರಿಸಬೇಕಾಯಿತು. ಆಸ್ಪತ್ರೆಗೆ ಬಂದ ಅಂಕಲ್, "ಸ್ವಲ್ಪ ಮೊದಲೇ ಶುರುಮಾಡಬೇಕಿತ್ತು" ಎಂದರು.

ಕಳೆದ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು. ಹದಿಮೂರನೆಯ ದಿನದ ಊಟಕ್ಕೆ ಅತ್ತೆ ನನ್ನ ಭುಜ ಹಿಡಿದು ಕುಂಟುತ್ತಾ ಬಂದರು. "ಬಂಗಾರದಂಥ ಮನುಷ್ಯ" ಎಂದು ಅತ್ತರು. ಆಂಟಿ ಒಳಗಿನಿಂದ ಬಾಟಲಿ ತಂದು ಅತ್ತೆಯ ಕೈಗಿಟ್ಟರು. "ನಿಮಗೆಂದೇ ಮಾಡಿಟ್ಟಿದ್ದರು ಅಕ್ಕ."

ಅತ್ತೆ ಮುಚ್ಚಳ ತಿರುಗಿಸುತ್ತಿದ್ದರು. ನಾನು ಬಾಟಲಿ ಕಿತ್ತುಕೊಂಡು, ಬಾಳೆಎಲೆಯ ಮುಂದೆ ಕೂತಿದ್ದವರೆಲ್ಲ ನೋಡುತ್ತಿದ್ದಂತೆ, ಕೈ ತೊಳೆಯುವ ಬೇಸಿನ್ನಿಗೆ ಪೂರ್ತಿ ಸುರಿದೆ.

"ಸತ್ತವರ ಮನೆಯಲ್ಲಿ ಇದೆಂಥ ನಡತೆ!" ಅತ್ತೆ ಖಾಲಿ ಬಾಟಲಿಗೆ ಕೈ ಚಾಚಿದರು.

"ನಿಮ್ಮ ಕಾಲಲ್ಲಿ ಇನ್ನೂ ಒಂಬತ್ತು ಬೆರಳಿವೆ ಅತ್ತೆ" ಎಂದೆ. ನನ್ನ ದನಿ ಅಷ್ಟು ಜೋರಾಗಿ ಬರಬಹುದೆಂದು ನನಗೇ ತಿಳಿದಿರಲಿಲ್ಲ.