ದೊಡ್ಡಮ್ಮ ಹಾಕದ ಮದ್ದು

ಅರವತ್ತರ ದಶಕ. ನನಗಾಗ ಹದಿನೆಂಟು. ಕಾನ್ವೆಂಟ್ ಹಾಸ್ಟೆಲಿನಿಂದ ರಜೆಗೆ ತೀರ್ಥಹಳ್ಳಿಗೆ ಬಂದಿದ್ದಾಗ, ಎಡ ಪಕ್ಕೆಯ ಕೆಳಗೆ ಗಂಟೊಂದು ಕೈಗೆ ಸಿಕ್ಕಿತು. ನೋವಿಲ್ಲ, ಜ್ವರವಿಲ್ಲ, ಮೂಸಂಬಿಯಷ್ಟು ದೊಡ್ಡದು. ಊರಿನ ಡಾಕ್ಟರು ಒತ್ತಿ ನೋಡಿ, ಮಲೇರಿಯಾಕ್ಕೆ ಗುಲ್ಮ ಊದಿದೆ ಎಂದು ಕ್ವಿನೈನ್ ಕೊಟ್ಟರು. ಕಿವಿಯಲ್ಲಿ ಜೀರುಂಡೆ ಕೂಗತೊಡಗಿತೇ ಹೊರತು ಗಂಟು ಕರಗಲಿಲ್ಲ.

ಅಜ್ಜಿ ಮಾತ್ರ ಮೊದಲ ದಿನವೇ ಡಯಾಗ್ನೋಸಿಸ್ ಮುಗಿಸಿದ್ದರು: ಮದ್ದು. ಆಗದವರು ಊಟದಲ್ಲಿ ಏನಾದರೂ ಬೆರೆಸಿ ಕೊಟ್ಟರೆ ಅದು ಹೊಟ್ಟೆಯಲ್ಲಿ ಗಂಟಾಗಿ ಕೂರುತ್ತದಂತೆ.

"ಎಲ್ಲೆಲ್ಲಿ ಉಂಡೆ, ಹೇಳು."

ನಾನು ಒಬೀಡಿಯೆಂಟ್ ಆಗಿ ಲಿಸ್ಟ್ ಒಪ್ಪಿಸಿದೆ. ಮೊದಲ ಅನುಮಾನ ಮದರ್ ಸುಪೀರಿಯರ್ ಕೊಟ್ಟ ಕೇಕಿನ ಮೇಲೆ.

"ಆ ಸನ್ಯಾಸಿನಿಗೆ ನಮ್ಮ ಮೇಲೆ ಎಂತ ದ್ವೇಷ ಅಮ್ಮಾ?" ಸ್ಕೂಲ್ ಮೇಷ್ಟ್ರಾಗಿದ್ದ ಅಪ್ಪಯ್ಯ ಕೇಳಿದರು.

"ಹಾಗಾದ್ರೆ ಮೇಳಿಗೆಯವಳೇ."

ಮೇಳಿಗೆಯವಳು ಎಂದರೆ ನನ್ನ ದೊಡ್ಡಮ್ಮ, ಅಜ್ಜಿಯ ಹಿರಿಸೊಸೆ. ಮನೆ ಪಾಲಾದಾಗಿನಿಂದ ಇಬ್ಬರಿಗೂ ಮಾತಿಲ್ಲ. ಅವರ ಮನೆಯಲ್ಲಿ ನಾನು ಅರಿಶಿನ ಎಲೆಯ ಕಡುಬು ತಿಂದಿದ್ದೆ.

ಹೊಸನಗರದ ಕಡೆಯ ಮದ್ದು ತೆಗೆಯುವವರೊಬ್ಬರು ಹಸಿರು ರಸ ಕುಡಿಸಿ ವಾಂತಿ ಮಾಡಿಸಿದರು. ಬೆಳಗಿನ ದೋಸೆ ಬಂತು, ಅಷ್ಟೇ. ಅಜ್ಜಿ ಕಡ್ಡಿಯಿಂದ ಕೆದಕಿ ನೋಡಿ, "ಆಳಕ್ಕೆ ಕೂತಿದೆ" ಎಂದರು. ಅಷ್ಟರ ಮಟ್ಟಿಗೆ ಅವರೇ ಕರೆಕ್ಟ್.

ಸಾಗರದ ಸರ್ಜನ್ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಸಿದರು. "ಹಿಂದಿನಿಂದ ಏನೋ ಜಠರವನ್ನ ಮುಂದಕ್ಕೆ ದೂಡ್ತಿದೆ. ಪ್ಯಾಂಕ್ರಿಯಾಸ್ ಇರಬೇಕು. ಬೇಗ ಮೈಸೂರಿಗೆ ಕರ್ಕೊಂಡು ಹೋಗಿ ತೆಗೆಸಿ ಮೇಷ್ಟ್ರೇ. ಹಾಗೇ ಬಿಟ್ರೆ ಹುಡುಗಿ ಉಳೀತಾಳೆ ಅಂತ ನಾನು ಹೇಳಲಾರೆ."

ಹೊರಡುವ ದಿನ ಅಜ್ಜಿ ಹೊಸ್ತಿಲಿಗೆ ಅಡ್ಡ ಕೂತರು. "ಹಾಕಿದವಳು ಒಪ್ಪಿಕೊಳ್ಳದೆ ಚಾಕು ತಾಗಿಸಿದ್ರೆ ಮದ್ದು ನೆತ್ತಿಗೆ ಏರ್ತದೆ. ಮಗು ಸಾಯ್ತದೆ."

ಬಿ.ಎ. ಓದಿದ ಅಪ್ಪಯ್ಯ ಹೆತ್ತತಾಯಿಯನ್ನು ದಾಟಲಾರದೆ, ಸೂಟ್‌ಕೇಸ್ ಹಿಡಿದು ಒಳಗೇ ನಿಂತರು. ನಾಲ್ಕು ದಿನ ಹೀಗೇ. ದಿನಾ ಸೂಟ್‌ಕೇಸ್ ಬಾಗಿಲವರೆಗೆ ಹೋಗಿ ವಾಪಸ್ ಬರುತ್ತಿತ್ತು. ನಾನು ಗಂಟು ಮುಟ್ಟಿಕೊಂಡು, ಕಾನ್ವೆಂಟಿನಲ್ಲಿ ಕಲಿತ 'ಹೇಲ್ ಮೇರಿ' ಪ್ರಾರ್ಥನೆ ಹೇಳುತ್ತಿದ್ದೆ.

ಸುದ್ದಿ ಕೇಳಿ ಐದನೆಯ ದಿನ ದೊಡ್ಡಮ್ಮ ಬಸ್ಸಿಳಿದು ಬಂದರು. ಅಂಗಳದಲ್ಲೇ ನಿಂತು, "ಹೌದು ಅತ್ತೆ, ನಾನೇ ಹಾಕಿದ್ದು. ಕಡುಬಿನಲ್ಲಿ" ಎಂದರು.

"ಎಂತ ಹಾಕಿದೆ?"

ದೊಡ್ಡಮ್ಮ ಅಷ್ಟು ಮುಂದಕ್ಕೆ ಯೋಚಿಸಿರಲಿಲ್ಲ. "ಅದು... ಓತಿಕ್ಯಾತ. ಸುಟ್ಟು ಪುಡಿ ಮಾಡಿ."

"ಎಷ್ಟು?"

"ಒಂದ್ ಚಮಚ."

ಅಜ್ಜಿ ತೃಪ್ತಿಯಿಂದ ಎದ್ದು ದಾರಿ ಬಿಟ್ಟರು. "ಅಳತೆ ಸಮೇತ ಹೇಳ್ತಾಳೆ, ನೋಡಿದ್ಯಾ!"

ಮೈಸೂರಿನಲ್ಲಿ ಗಂಟನ್ನೂ ಅದು ಅಂಟಿದ್ದ ಪ್ಯಾಂಕ್ರಿಯಾಸಿನ ತುದಿಯನ್ನೂ ತೆಗೆದರು. "ವೆರಿ ರೇರ್," ಎಂದರು ಅಲ್ಲಿಯ ಡಾಕ್ಟರು. "ಹೆಚ್ಚಾಗಿ ಎಳೆ ಹೆಣ್ಣುಮಕ್ಕಳಿಗೇ ಬರುತ್ತೆ. ಯಾಕೆ ಅಂತ ನಮಗೂ ಗೊತ್ತಿಲ್ಲ. ಪೂರ್ತಿ ತೆಗೆದಿದ್ದೇವೆ, ಮತ್ತೆ ಬರೋದು ಕಡಿಮೆ."

ಊರಿಗೆ ಬಂದು ಇದನ್ನೆಲ್ಲ ಎಕ್ಸ್‌ಪ್ಲೇನ್ ಮಾಡಿದೆ. ಅಜ್ಜಿ ಶಾಂತವಾಗಿ ಕೇಳಿ, "ಯಾಕೆ ಅಂತ ಅವರಿಗೆ ಗೊತ್ತಿಲ್ಲ. ನಮಗೆ ಗೊತ್ತಲ್ಲ!" ಎಂದರು.

ಆಮೇಲೆ ನಮ್ಮವರು ಯಾರೂ ಮೇಳಿಗೆಯ ಆ ಮನೆಯಲ್ಲಿ ನೀರು ಕೂಡ ಮುಟ್ಟಲಿಲ್ಲ. ನಾನು ಹೋಗುತ್ತಿದ್ದೆ. ಕಡುಬು ಬಡಿಸುವ ಮೊದಲು ದೊಡ್ಡಮ್ಮ ಅದರಲ್ಲೇ ಒಂದು ಚೂರು ಮುರಿದು, ನನ್ನ ಕಣ್ಣೆದುರು ತಮ್ಮ ಬಾಯಿಗೆ ಹಾಕಿಕೊಳ್ಳುತ್ತಿದ್ದರು. "ಪ್ಲೀಸ್ ದೊಡ್ಡಮ್ಮ, ಬೇಡ" ಎಂದರೆ ಕೇಳುತ್ತಿರಲಿಲ್ಲ. ಅವರಿರುವವರೆಗೂ ಹಾಗೇ, ಪ್ರತಿ ಸಲವೂ.