ಕಾಕಿಯ ಹೊಟ್ಟೆಯ ಹುಣ್ಣು

ತೊಂಬತ್ತರ ದಶಕದ ನಡುವೆ ನಾನು ಕಲಬುರಗಿಯಲ್ಲಿ ಜೀವರಸಾಯನ ಓದುತ್ತಿದ್ದೆ. ಕುಸನೂರಿನ ಬಾಡಿಗೆ ಕೋಣೆಯಲ್ಲಿ ಪ್ರೋಟೀನುಗಳ ಹೆಸರು ಉರು ಹೊಡೆದು, ಸಿಕ್ಕಸಿಕ್ಕವರ ಮುಂದೆ ಉದುರಿಸುವ ಚಟ ನನಗೆ. ಆಗ ನಮ್ಮೂರು ಕಮಲಾಪುರದಿಂದ ಚಿಕ್ಕಪ್ಪನ ಹೆಂಡತಿ, ನಮ್ಮ ಕಾಕಿ, ಹೊಟ್ಟೆನೋವು ತೋರಿಸಲು ಬಂದಳು.

ಹನ್ನೊಂದು ವರ್ಷದಿಂದ ಆಕೆಗೆ ಹೊಟ್ಟೆಯಲ್ಲಿ ಹುಣ್ಣು. ಆಕೆಯ ಅತ್ತೆ, ಅಂದರೆ ನಮ್ಮ ಅಜ್ಜಿ, ಬಂದುಹೋದವರ ಮುಂದೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ಸಣ್ಣ ಸಣ್ಣದಕ್ಕ ಚಿಂತಿ ಮಾಡ್ತಾಳ. ತಾನೇ ತಂದ್ಕೊಂಡ ರೋಗ ಅದು." ಕಾಕಿ ಅದನ್ನು ನಂಬಿಬಿಟ್ಟಿದ್ದಳು. ನೋವು ಬಂದರೆ ತಪ್ಪು ಮಾಡಿದವಳ ಹಾಗೆ ಮುಖ ಮರೆಸಿಕೊಳ್ಳುತ್ತಿದ್ದಳು. ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಸುಮ್ಮನೆ ನೋಡುತ್ತಿದ್ದವರಲ್ಲಿ ನಾನೂ ಒಬ್ಬ.

ವೈದ್ಯರು ಹೊಟ್ಟೆಯೊಳಗೆ ನಳಿಕೆ ಇಳಿಸಿ ನೋಡಿ, ಇದು ರೋಗಾಣುವಿನ ಕೆಲಸ, ಎರಡು ವಾರ ಗುಳಿಗೆ ತಪ್ಪಿಸಬಾರದು ಎಂದರು. ಹೊರಗೆ ಬೆಂಚಿನ ಮೇಲೆ ನಾನು ಪಾಂಡಿತ್ಯ ಬಿಚ್ಚಿದೆ. ರೋಗಾಣು ಬಂದು ಕುಳಿತರೆ ಹೊಟ್ಟೆಯ ಒಳಪದರದ ಜೀವಕೋಶಗಳು ಇಂಟರ್‌ಲ್ಯೂಕಿನ್ ಎಂಬ ಪ್ರೋಟೀನು ಬಿಡುತ್ತವೆ. ಅದು ರಕ್ತದ ಬಿಳಿ ಕಣಗಳನ್ನು ಕರೆತರುತ್ತದೆ. ಕಾದಾಡಲು ಬಂದ ಕಣಗಳು ನಮ್ಮ ಒಳಪದರವನ್ನೇ ಕೆಡಿಸುತ್ತವೆ.

ಓಣಿಯಲ್ಲಿ ಮದುವೆ, ಬಸುರಿಯರ ಕುಬುಸ ಇದ್ದರೆ ಮನೆಮನೆಗೆ ಹೋಗಿ ಕರೆದು ಬರುವವಳು ನಮ್ಮ ಕಾಕಿಯೇ. ತುಸು ಯೋಚಿಸಿ ಅಂದಳು: "ಅಂದ್ರ ಕರೀಲಾಕ ಹೋದವ್ರು ಕರೆಯೋದು ನಿಲ್ಸವಲ್ರು. ಮಂದಿ ಬಂದೇ ಬರ್ಲಾಕತ್ತಾರ, ತುಳ್ದು ತುಳ್ದು ಅಂಗಳಾನೇ ಕಿತ್ತದ. ಕಾರಣ ಮುಗದ್ರ, ಅಂದ್ರ ಆ ರೋಗಾಣು ಸತ್ರ, ಕರೆಯೋದೂ ನಿಲ್ತದ, ಹೌದಿಲ್ಲೋ?"

ನಾನು ಬೆರಗಾದೆ. ವರ್ಷವಿಡೀ ಓದಿದರೂ ನನಗೆ ಇದು ಇಷ್ಟು ಸ್ಪಷ್ಟವಾಗಿ ಹೊಳೆದಿರಲಿಲ್ಲ.

"ಹಂಗಾದ್ರ ಇದು ನನ್ನ ಚಿಂತಿಲಿಂದ ಬಂದಿದ್ದಲ್ಲ?"

"ಅಲ್ಲ ಕಾಕಿ."

"ನನಗೊಬ್ಬಾಕಿಗಿ ಹೇಳಿದ್ರ ಏನಾತು? ನಡಿ, ಮನ್ಯಾಗ ಹೇಳು."

ಸಂಜೆಯ ಬಸ್ಸಿಗೆ ನನ್ನನ್ನು ಎಳೆದುಕೊಂಡೇ ಹೋದಳು. ಕೈಕಾಲು ತೊಳೆಯಲೂ ಬಿಡದೆ ಪಡಸಾಲೆಯಲ್ಲಿ ಎಲ್ಲರೆದುರು ನಿಲ್ಲಿಸಿದಳು. ಅಜ್ಜಿಯ ಮುಂದೆ ಪ್ರೋಟೀನಿನ ಹೆಸರು ಬಾಯಿಗೆ ಬರಲಿಲ್ಲ. ಕಾಕಿಯ ಮಾತನ್ನೇ ಕದ್ದು ಹೇಳಿದೆ.

"ನನಗೇನ್ ಗೊತ್ತಿತ್ತಪ್ಪ ಇದೆಲ್ಲ" ಎಂದಳು ಅಜ್ಜಿ, ನೆಲ ನೋಡುತ್ತ.

"ನನಗೂ ಗೊತ್ತಿರ್ಲಿಲ್ರಿ ಅತ್ತಿ," ಅಂದಳು ಕಾಕಿ. ದನಿಯಲ್ಲಿ ಸಿಟ್ಟೇ ಇರಲಿಲ್ಲ. ನಾನಾಗಿದ್ದರೆ ಹನ್ನೊಂದು ವರ್ಷದ್ದನ್ನೂ ಅಲ್ಲೇ ತೀರಿಸಿಕೊಳ್ಳುತ್ತಿದ್ದೆ. ಆಕೆ ಚೀಲದಿಂದ ಮೊದಲ ಗುಳಿಗೆ ತೆಗೆದು ಅಂಗೈಯಲ್ಲಿಟ್ಟುಕೊಂಡಳು.

"ಒಂದು ತಂಬಗಿ ನೀರ್ ಕೊಡ್ರಿ, ಅತ್ತಿ."

ಸೊಸೆಯೊಬ್ಬಳು ಅಜ್ಜಿಗೆ ಕೆಲಸ ಹೇಳಿದ್ದು ನಮ್ಮ ಮನೆಯಲ್ಲಿ ಅದೇ ಮೊದಲು. ಅಜ್ಜಿ ಎದ್ದು ತಂದುಕೊಟ್ಟಳು.